ಕುಮಟಾ ಸಿಹಿ ಈರುಳ್ಳಿ: ಸಿಹಿ ಎಂದರೆ ಸಕ್ಕರೆ ಹೆಚ್ಚೇ?

ಬೇಸಿಗೆ ಬಂತೆಂದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಭಟ್ಕಳ, ಹೊನ್ನಾವರ ದಾಟಿ ಕುಮಟಾ ಕಡೆಗೆ ಹೋಗುವವರಿಗೆ ಹಂದಿಗೋಣ, ಅಳ್ವೆಕೋಡಿಯ ಬಳಿ ರಸ್ತೆ ಬದಿಯಲ್ಲಿ ತೂಗುಹಾಕಿದ ಈರುಳ್ಳಿ ಗೊಂಚಲುಗಳು ಕಾಣುತ್ತವೆ. ಇದೇ ಕುಮಟಾದ ಸಿಹಿ ಈರುಳ್ಳಿ. ಕರಾವಳಿಯವರ ಮಾತಿನಲ್ಲಿ ನೀರುಳ್ಳಿ. ಹಸಿಯಾಗಿ ಕಚ್ಚಿ ತಿಂದರೂ ಖಾರ ಅಷ್ಟಾಗಿ ತಟ್ಟುವುದಿಲ್ಲ. ಹಾಗಾದರೆ ಸಕ್ಕರೆ ಕಾಯಿಲೆ ಇರುವವರು ಇದನ್ನು ದೂರ ಇಡಬೇಕೇ? ಮೊಬೈಲಿನಲ್ಲಿ ಓಡಾಡುವ ಈರುಳ್ಳಿ ಸಂದೇಶಗಳಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ಸಿಹಿ ಎಲ್ಲಿಂದ ಬರುತ್ತದೆ?

ಈರುಳ್ಳಿಯ ಜೀವಕೋಶಗಳಲ್ಲಿ ಗಂಧಕ ಇರುವ ಸಂಯುಕ್ತಗಳು ಒಂದು ಕಡೆ, ಅವುಗಳನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಚಾಕು ತಾಗಿದ ಕೂಡಲೇ ಎರಡೂ ಬೆರೆತು ಖಾರ, ಘಾಟು ಹುಟ್ಟುತ್ತದೆ. ಕಣ್ಣೀರು ತರಿಸುವ ಅನಿಲಕ್ಕೆ ಇನ್ನೊಂದು ಕಿಣ್ವವೂ ಬೇಕು ಎಂಬುದನ್ನು ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು.

ಎಲ್ಲ ಈರುಳ್ಳಿಯಲ್ಲೂ ಸಕ್ಕರೆ ಇದೆ. ಖಾರದ ಈರುಳ್ಳಿಯಲ್ಲಿ ಆ ಸಿಹಿ ಘಾಟಿನಡಿ ಮುಚ್ಚಿಹೋಗುತ್ತದೆ. ಘಾಟು ಕಡಿಮೆಯಾದಾಗ ಅದೇ ಸಿಹಿ ನಾಲಿಗೆಗೆ ಸಿಗುತ್ತದೆ. ಅಂದರೆ ಇಲ್ಲಿ ಹೆಚ್ಚಾಗಿರುವುದು ಸಕ್ಕರೆಯಲ್ಲ, ಕಡಿಮೆಯಾಗಿರುವುದು ಖಾರ.

ಮಣ್ಣಿಗೂ ರುಚಿಗೂ ಏನು ಸಂಬಂಧ?

ಫ್ರಾನ್ಸಿನ ವೈನ್ ತಯಾರಕರು ಮಣ್ಣು, ಹವೆ, ತಳಿ, ಬೆಳೆಯುವ ಪದ್ಧತಿ ಎಲ್ಲ ಸೇರಿ ಬರುವ ರುಚಿಗೆ 'ಟೆರ್ವಾರ್' ಎನ್ನುತ್ತಾರೆ. ಈ ಲೆಕ್ಕ ದ್ರಾಕ್ಷಿಗೆ ಮಾತ್ರವಲ್ಲ, ಈರುಳ್ಳಿಗೂ ಹೊಂದುತ್ತದೆ. ಫ್ರಾನ್ಸಿನ ರೋಸ್ಕಾಫ್ ಊರಿನ ಈರುಳ್ಳಿಗೆ 2009ರಲ್ಲಿ ವೈನಿಗೆ ಕೊಡುವಂಥದೇ ಊರ ಹೆಸರಿನ ಮಾನ್ಯತೆ ಸಿಕ್ಕಿತು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ವಿಡೇಲಿಯಾ ಎಂಬ ಸಿಹಿ ಈರುಳ್ಳಿಯ ಹೆಸರನ್ನು ಯಾವ ಪ್ರದೇಶದವರು ಬಳಸಬಹುದು ಎಂದು 1986ರಲ್ಲಿ ಕಾನೂನೇ ಬಂತು. ಅಲ್ಲಿಯ ಮಣ್ಣಿನಲ್ಲಿ ಗಂಧಕ ಕಡಿಮೆ.

ಈರುಳ್ಳಿ ಗಿಡ ಗಂಧಕವನ್ನು ಮಣ್ಣಿನಿಂದಲೇ ಹೀರಬೇಕು. ಮರಳು ಮಿಶ್ರಿತ ಮಣ್ಣಿನಲ್ಲಿ ಅದು ಮಳೆನೀರಿನ ಜೊತೆ ಸುಲಭವಾಗಿ ಕೆಳಗೆ ಇಳಿದುಹೋಗುತ್ತದೆ. ಇದರ ಜೊತೆ ತಳಿಯೂ ಮುಖ್ಯ. ಆದ್ದರಿಂದಲೇ ಬೀಜ ಒಯ್ದು ಬೇರೆ ಕಡೆ ಬಿತ್ತಿದರೆ ಅದೇ ರುಚಿ ಬರುತ್ತದೆ ಎಂಬ ಭರವಸೆಯಿಲ್ಲ.

ಸಕ್ಕರೆ ಕಾಯಿಲೆ ಇರುವವರು ತಿನ್ನಬಹುದೇ?

ತಿನ್ನಬಹುದು. 100 ಗ್ರಾಂ ಈರುಳ್ಳಿಯಲ್ಲಿ ಸಕ್ಕರೆ ಸುಮಾರು 4ರಿಂದ 5 ಗ್ರಾಂ, ಶಕ್ತಿ ಸುಮಾರು 40 ಕ್ಯಾಲೊರಿ. ಊಟದ ಜೊತೆ ನಾಲ್ಕಾರು ಹೋಳು ತಿಂದರೆ ಚಿಂತೆಯಿಲ್ಲ. ಹಾಗೆಂದು ಈರುಳ್ಳಿಯೇ ಸಕ್ಕರೆ ಕಾಯಿಲೆಗೆ ಮದ್ದು ಎಂಬ ಸಂದೇಶ ನಂಬಿ ಮಾತ್ರೆ ಬಿಡಬೇಡಿ.

ಕತ್ತರಿಸಿಟ್ಟ ಈರುಳ್ಳಿ ವಿಷವೇ?

ಅಲ್ಲ. ಈರುಳ್ಳಿ ಕೋಣೆಯಲ್ಲಿರುವ ವೈರಸ್ಸನ್ನು ಎಳೆದುಕೊಳ್ಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕೊಳಕು ಚಾಕು, ಕೊಳಕು ಮಣೆ, ಬಿಸಿಲ ಸೆಕೆ ಇದ್ದರೆ ಕತ್ತರಿಸಿದ ಯಾವ ತರಕಾರಿಯೂ ಕೆಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸಿ.

ಸಿಪ್ಪೆಯ ಕಪ್ಪು ಪುಡಿ ಬ್ಲ್ಯಾಕ್ ಫಂಗಸ್ಸೇ?

2021ರಲ್ಲಿ ಹರಡಿದ ಈ ಸಂದೇಶ ತಪ್ಪು. ಆ ಕಪ್ಪು ಪುಡಿ ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟು. ಬ್ಲ್ಯಾಕ್ ಫಂಗಸ್ ಎಂದು ಕರೆದ ಮ್ಯೂಕರ್‌ಮೈಕೋಸಿಸ್ ಬರುವುದು ಬೇರೆ ಗುಂಪಿನ ಶಿಲೀಂಧ್ರಗಳಿಂದ. ಹೊರಸಿಪ್ಪೆಯಲ್ಲಷ್ಟೇ ಇದ್ದರೆ ಸುಲಿದು ತೊಳೆದು ಬಳಸಿ. ಒಳಪದರಕ್ಕೂ ಇಳಿದಿದ್ದರೆ ಅಥವಾ ಗಡ್ಡೆ ಮೆತ್ತಗಾಗಿದ್ದರೆ ಎಸೆಯಿರಿ.

ಯಾವುದರ ಜೊತೆ ಚೆನ್ನ?

ಬಿಸಿ ತಾಗಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಬೇಯಿಸಿದಾಗ ಖಾರದ ಈರುಳ್ಳಿಯೂ ಸಿಹಿಯಾಗುತ್ತದೆ. ಧಾರಾಳ ಈರುಳ್ಳಿ ಹಾಕಿ ಮಾಡುವ ಭಟ್ಕಳದ ಬಿರಿಯಾನಿಗೆ ಸಾಮಾನ್ಯ ಈರುಳ್ಳಿಯೇ ಸಾಕು. ಕುಮಟಾ ಈರುಳ್ಳಿಯ ನಿಜವಾದ ರುಚಿ ಸಿಗುವುದು ಹಸಿಯಾಗಿ ತಿಂದಾಗ: ಕುಚಲಕ್ಕಿ ಗಂಜಿಯ ಪಕ್ಕ, ಹುರಿದ ಮೀನಿನ ಜೊತೆ, ಮೊಸರಿನಲ್ಲಿ ಹೆಚ್ಚಿ ಹಾಕಿ.

ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ರೈತರು ಮಾಡುವಂತೆ ಗೊಂಚಲನ್ನು ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ತೇವ ನಿಲ್ಲದಿದ್ದರೆ ಬೂಷ್ಟೂ ಕಡಿಮೆ, ಕೊಳೆಯುವುದೂ ಕಡಿಮೆ.

ಈರುಳ್ಳಿ ಕುರಿತ ಮುಂದಿನ ಸಂದೇಶ ಬಂದಾಗ ಕಳಿಸುವ ಮುನ್ನ ಒಮ್ಮೆ ಯೋಚಿಸಿ. ಸುಳ್ಳು ಭಯ ಹರಡಿದರೆ ನಷ್ಟ ತಿನ್ನುವವರಿಗೆ ಮಾತ್ರವಲ್ಲ, ವರ್ಷಕ್ಕೊಂದೇ ಹಂಗಾಮು ನೆಚ್ಚಿಕೊಂಡು ಹೆದ್ದಾರಿ ಬದಿ ಗೊಂಚಲು ಕಟ್ಟಿ ಕೂತ ರೈತರಿಗೂ ಹೌದು.