ಬ್ರಿಟನ್ನಿನ ಕಲ್ಯಾಣ ವ್ಯವಸ್ಥೆ: ‘ಯಾರು ಅರ್ಹರು?’ ಎಂಬ ಹಳೆಯ ಜಗಳ

ವೃದ್ಧಾಪ್ಯ ಪಿಂಚಣಿ, ನಿರುದ್ಯೋಗ ಭತ್ಯೆ, ಮನೆ ಬಾಡಿಗೆಗೆ ನೆರವು, ಮಕ್ಕಳ ಭತ್ಯೆ, ಅಂಗವಿಕಲರ ಭತ್ಯೆ: ಸರ್ಕಾರ ಜನರ ಕೈಗೆ ನೇರವಾಗಿ ಕೊಡುವ ಇಂಥ ಹಣವನ್ನು ಬ್ರಿಟನ್ನಿನಲ್ಲಿ ಒಟ್ಟಾಗಿ ‘ವೆಲ್‌ಫೇರ್’ ಅಥವಾ ‘ಬೆನಿಫಿಟ್ಸ್’ ಎನ್ನುತ್ತಾರೆ. ಪಬ್‌ಗಳಲ್ಲಿ, ರೇಡಿಯೊದ ಫೋನ್-ಇನ್ ಕಾರ್ಯಕ್ರಮಗಳಲ್ಲಿ ಸದಾ ಚರ್ಚೆಯಾಗುವ ವಿಷಯವಿದು. ಈ ವ್ಯವಸ್ಥೆಯೇ ಬೇಡ ಎನ್ನುವವರು ಅಲ್ಲಿ ಕಡಿಮೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದರ ಮೇಲೆಯೇ ಜಗಳವೆಲ್ಲ. ಆದರೆ ಜನರ ಸಿಟ್ಟು ಯಾರ ಮೇಲಿದೆಯೋ ಅವರಿಗೆ ಹೋಗುವ ಹಣ ಸ್ವಲ್ಪ. ದೊಡ್ಡ ಪಾಲು ಹೋಗುವ ಕಡೆ ಯಾರ ಕಣ್ಣೂ ಬೀಳುವುದಿಲ್ಲ.

ಬಡವರ ಕಾನೂನಿನಿಂದ ಬೆವರಿಜ್ ವರದಿಯವರೆಗೆ

ಬಡವರನ್ನು ನೋಡಿಕೊಳ್ಳುವ ಹೊಣೆಯನ್ನು ಇಂಗ್ಲೆಂಡಿನ ಪ್ರತಿ ಪ್ಯಾರಿಷ್‌ನ, ಅಂದರೆ ಚರ್ಚಿನ ಸುತ್ತಲಿನ ಸ್ಥಳೀಯ ಘಟಕದ, ಮೇಲೆ ಹೊರಿಸಿದ ಕಾನೂನು 1601ರದು. ದುಡಿಯಲಾಗದ ಮುದುಕರು, ರೋಗಿಗಳು ಒಂದು ಕಡೆ, ಮೈಯಲ್ಲಿ ಕಸುವಿದ್ದೂ ದುಡಿಯದವರು ಇನ್ನೊಂದು ಕಡೆ ಎಂಬ ವಿಂಗಡಣೆ ಆಗಲೇ ಇತ್ತು. 1834ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಗಟ್ಟಿಮುಟ್ಟಾದವರಿಗೆ ನೆರವು ಬೇಕಿದ್ದರೆ ‘ವರ್ಕ್‌ಹೌಸ್’ ಸೇರಬೇಕು; ಅಲ್ಲಿನ ಬದುಕು ಹೊರಗಿನ ಕಡುಬಡ ಕೂಲಿಯವನ ಬದುಕಿಗಿಂತ ಕೀಳಾಗಿಯೇ ಇರಬೇಕು ಎಂಬುದು ಅದರ ತತ್ವ. ಗಂಡ, ಹೆಂಡತಿ, ಮಕ್ಕಳನ್ನು ಅಲ್ಲಿ ಬೇರೆ ಬೇರೆ ವಿಭಾಗಗಳಲ್ಲಿ ಇಡುತ್ತಿದ್ದರು.

ಸರ್ಕಾರಿ ವೃದ್ಧಾಪ್ಯ ಪಿಂಚಣಿ ಮೊದಲು ಕೈಸೇರಿದ್ದು 1909ರ ಜನವರಿ 1ರಂದು. 70 ತುಂಬಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲ್ಲಿಂಗ್, ಅದೂ ಅಂಚೆ ಕಚೇರಿಯಲ್ಲಿ. ದುಡಿಯಬಲ್ಲವರಾಗಿದ್ದೂ ಮೈಗಳ್ಳರಾಗಿ ಕಾಲ ಕಳೆದವರಿಗೆ ಪಿಂಚಣಿ ಇಲ್ಲ ಎಂಬ ಷರತ್ತು ಆ ಕಾನೂನಿನಲ್ಲೂ ಇತ್ತು. 1911ರಲ್ಲಿ ಅಂದಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್ ತಂದ ರಾಷ್ಟ್ರೀಯ ವಿಮಾ ಕಾಯ್ದೆ ಇನ್ನೊಂದು ದಾರಿ ತೆರೆಯಿತು. ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ವಂತಿಗೆ ಕಟ್ಟುವುದು. ಕಾಯಿಲೆ ಬಿದ್ದಾಗ, ಕೆಲವು ಉದ್ಯಮಗಳಲ್ಲಿ ಕೆಲಸ ಹೋದಾಗ ಅದರಿಂದ ಹಣ ಪಡೆಯುವುದು.

ಇದನ್ನೆಲ್ಲ ಒಂದು ಚೌಕಟ್ಟಿಗೆ ತಂದದ್ದು 1942ರ ಡಿಸೆಂಬರ್‌ನಲ್ಲಿ ಹೊರಬಂದ, ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ಅವರ ವರದಿ. ಐಸಿಎಸ್ ಅಧಿಕಾರಿಯೊಬ್ಬರ ಮಗನಾದ ಬೆವರಿಜ್ 1879ರಲ್ಲಿ ಹುಟ್ಟಿದ್ದು ಇಂದಿನ ಬಾಂಗ್ಲಾದೇಶದ ರಂಗ್‌ಪುರದಲ್ಲಿ. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರನ್ನು ಸೋಲಿಸಬೇಕೆಂದು ಅವರು ಬರೆದರು. ಯುದ್ಧ ಮುಗಿಯುತ್ತಿದ್ದಂತೆ 1945ರಲ್ಲಿ ಗೆದ್ದ ಕ್ಲೆಮೆಂಟ್ ಆಟ್ಲೀ ಅವರ ಲೇಬರ್ ಸರ್ಕಾರ ಈ ಯೋಜನೆಯನ್ನು ಜಾರಿಗೆ ತಂದಿತು. ಉಚಿತ ಚಿಕಿತ್ಸೆಯ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, 1948ರ ಜುಲೈ 5ರಂದು ಆರಂಭವಾಯಿತು.

ಎಲ್ಲರೂ ಕಟ್ಟಬೇಕು, ಆಪತ್ತಿನಲ್ಲಿ ಎಲ್ಲರೂ ಪಡೆಯಬೇಕು ಎಂಬುದು ಬೆವರಿಜ್ ಲೆಕ್ಕ. ‘ಜೀವಮಾನವಿಡೀ ಕಟ್ಟಿದ್ದೇನೆ, ಈಗ ಕೇಳುತ್ತಿದ್ದೇನೆ’ ಎಂದು ಅಲ್ಲಿನ ಹಿರಿಯರು ಹೇಳುವಾಗ ಈ ಲೆಕ್ಕವನ್ನೇ ನೆನಪಿಸುತ್ತಾರೆ. ವಾಸ್ತವದಲ್ಲಿ ಯಾರ ವಂತಿಗೆಯೂ ಅವರ ಹೆಸರಿನಲ್ಲಿ ಕೂಡಿಟ್ಟಿರುವುದಿಲ್ಲ. ಇಂದು ದುಡಿಯುವವರು ಕಟ್ಟುವ ಹಣವೇ ಇಂದಿನ ಹಿರಿಯರ ಪಿಂಚಣಿ.

ಯೂನಿವರ್ಸಲ್ ಕ್ರೆಡಿಟ್ ನಡೆಯುವ ಬಗೆ

ದುಡಿಯುವ ವಯಸ್ಸಿನವರಿಗೆ ಈಗಿರುವ ಮುಖ್ಯ ನೆರವು ಯೂನಿವರ್ಸಲ್ ಕ್ರೆಡಿಟ್. ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ಮೈತ್ರಿ ಸರ್ಕಾರದ 2012ರ ಕಾಯ್ದೆಯಡಿ, 2013ರಲ್ಲಿ ಮ್ಯಾಂಚೆಸ್ಟರ್ ಬಳಿಯ ಆಷ್ಟನ್-ಅಂಡರ್-ಲೈನ್‌ನಲ್ಲಿ ಅದರ ಪ್ರಯೋಗ ಶುರುವಾಯಿತು. ಬಾಡಿಗೆ ನೆರವು, ನಿರುದ್ಯೋಗ ಭತ್ಯೆ, ‘ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್’ ಮುಂತಾದ ಆರು ಸೌಲಭ್ಯಗಳನ್ನು ಸೇರಿಸಿ ಒಂದೇ ಮಾಸಿಕ ಪಾವತಿ ಮಾಡಿದರು.

ಅರ್ಜಿ, ಪತ್ರವ್ಯವಹಾರ ಎಲ್ಲವೂ ಹೆಚ್ಚಾಗಿ ಆನ್‌ಲೈನ್. ಅರ್ಜಿದಾರರಿಗೆ ಜಾಬ್‌ಸೆಂಟರ್‌ನಲ್ಲಿ ‘ವರ್ಕ್ ಕೋಚ್’ ಒಬ್ಬರು ಇರುತ್ತಾರೆ. ಕೆಲಸವಿಲ್ಲದವರು ಸಾಮಾನ್ಯವಾಗಿ ವಾರಕ್ಕೆ 35 ಗಂಟೆಯವರೆಗೆ ಕೆಲಸ ಹುಡುಕುವ ಒಪ್ಪಂದ ಮಾಡಿಕೊಳ್ಳಬೇಕು. ಸರಿಯಾದ ಕಾರಣವಿಲ್ಲದೆ ಭೇಟಿ ತಪ್ಪಿಸಿದರೆ ಹಣ ಕಡಿತ. ಮೊದಲ ಪಾವತಿಗೆ ಸುಮಾರು ಐದು ವಾರ ಕಾಯಬೇಕು. ಅಲ್ಲಿಯವರೆಗೆ ಮುಂಗಡ ಸಿಗುತ್ತದೆ, ಆದರೆ ಅದು ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುವ ಸಾಲ. 2025–26ರಲ್ಲಿ 25 ತುಂಬಿದ ಒಂಟಿ ವ್ಯಕ್ತಿಯ ಮೂಲ ಮೊತ್ತ ತಿಂಗಳಿಗೆ 400.14 ಪೌಂಡ್. ಬಾಡಿಗೆ, ಮಕ್ಕಳ ಮೊತ್ತ ಇದ್ದರೆ ಅದು ಬೇರೆ.

ಕೆಲಸ ಸಿಕ್ಕಿ ಗಳಿಕೆ ಶುರುವಾದರೆ ನೆರವು ಒಮ್ಮೆಗೇ ನಿಲ್ಲುವುದಿಲ್ಲ. ತೆರಿಗೆ ಕಳೆದು ಕೈಗೆ ಬರುವ ಪ್ರತಿ 100 ಪೌಂಡ್ ಸಂಬಳಕ್ಕೆ 55 ಪೌಂಡ್ ನೆರವು ಕಡಿಮೆಯಾಗುತ್ತದೆ. ಅಂದರೆ ನಿವ್ವಳ ಲಾಭ 45 ಪೌಂಡ್. 2021ರವರೆಗೆ ಈ ಕಡಿತ 63 ಪೌಂಡ್ ಇತ್ತು. ಮಕ್ಕಳಿರುವವರಿಗೆ, ಕಾಯಿಲೆಯಿಂದ ದುಡಿಮೆ ಕುಂಠಿತವಾದವರಿಗೆ ಆರಂಭದ ಒಂದಿಷ್ಟು ಗಳಿಕೆಗೆ ವಿನಾಯಿತಿ ಉಂಟು. ಹೀಗಾಗಿ ಈ ನೆರವು ಪಡೆಯುವವರಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಸಂಬಳದ ಕೆಲಸದಲ್ಲಿರುವವರೇ.

2013ರಲ್ಲಿ ಬಂದ ಇನ್ನೊಂದು ನಿಯಮಕ್ಕೆ ಜನ ಇಟ್ಟ ಹೆಸರು ‘ಬೆಡ್‌ರೂಮ್ ಟ್ಯಾಕ್ಸ್’. ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಕೌನ್ಸಿಲ್ ಮನೆಯಲ್ಲಿ ಅಗತ್ಯಕ್ಕಿಂತ ಒಂದು ಮಲಗುವ ಕೋಣೆ ಹೆಚ್ಚಿದ್ದರೆ ಬಾಡಿಗೆ ನೆರವಿನ ಲೆಕ್ಕದಲ್ಲಿ ಶೇ 14, ಎರಡೋ ಹೆಚ್ಚೋ ಇದ್ದರೆ ಶೇ 25 ಕಡಿತ. ವಾರಕ್ಕೆ 100 ಪೌಂಡ್ ಬಾಡಿಗೆಯ ಮನೆಯಲ್ಲಿ ಮಗ ಬೇರೆ ಊರಿಗೆ ಹೋಗಿ ಅವನ ಕೋಣೆ ಖಾಲಿಯಾಯಿತೆಂದರೆ 14 ಪೌಂಡ್ ಖೋತಾ. ಚಿಕ್ಕ ಮನೆಗೆ ಹೋಗೋಣವೆಂದರೆ ಅನೇಕ ಊರುಗಳಲ್ಲಿ ಅಂಥ ಮನೆಗಳೇ ಇರಲಿಲ್ಲ.

ಜನ ಹೇಳುವುದು, ಲೆಕ್ಕ ಹೇಳುವುದು

‘ನಾನು ಬೆಳಗ್ಗೆ ಐದಕ್ಕೆದ್ದು ಕೆಲಸಕ್ಕೆ ಹೋಗುತ್ತೇನೆ, ಪಕ್ಕದ ಮನೆಯವನು ಹೊದ್ದು ಮಲಗಿರುತ್ತಾನೆ, ಅವನ ಖರ್ಚು ನನ್ನ ತೆರಿಗೆಯಿಂದ.’ ಬ್ರಿಟನ್ನಿನಲ್ಲಿ ಬಹಳ ಕೇಳಿಬರುವ ದೂರು ಇದು. 2012ರ ಕನ್ಸರ್ವೇಟಿವ್ ಪಕ್ಷದ ಸಮಾವೇಶದಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಇದೇ ಚಿತ್ರವನ್ನು ಭಾಷಣಕ್ಕೆ ತಂದರು. 2014ರಲ್ಲಿ ಚಾನೆಲ್ 4 ಪ್ರಸಾರ ಮಾಡಿದ ‘ಬೆನಿಫಿಟ್ಸ್ ಸ್ಟ್ರೀಟ್’ ಬರ್ಮಿಂಗ್‌ಹ್ಯಾಮ್‌ನ ಒಂದು ಬೀದಿಯ ಜನರನ್ನು ದೇಶಕ್ಕೆಲ್ಲ ತೋರಿಸಿ ವಾದ ಎಬ್ಬಿಸಿತು. ಎರಡು ವರ್ಷದ ಬಳಿಕ ಕೆನ್ ಲೋಚ್ ಅವರ ‘ಐ, ಡೇನಿಯಲ್ ಬ್ಲೇಕ್’ ಎದುರು ಬದಿಯ ಕಥೆ ಹೇಳಿತು. ಹೃದಯಾಘಾತವಾದ ಬಡಗಿಯೊಬ್ಬ ನ್ಯೂಕಾಸಲ್‌ನಲ್ಲಿ ಭತ್ಯೆಗಾಗಿ ಅಲೆಯುವ ಆ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಬಂತು.

ಜನರ ಅಂದಾಜಿಗೂ ವಾಸ್ತವಕ್ಕೂ ಇರುವ ಅಂತರ ಸಮೀಕ್ಷೆಗಳಲ್ಲಿ ದಾಖಲಾಗಿದೆ. ಕಾರ್ಮಿಕ ಸಂಘಗಳ ಒಕ್ಕೂಟವಾದ ಟಿಯುಸಿ 2013ರ ಆರಂಭದಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕಲ್ಯಾಣ ವೆಚ್ಚದ ಶೇ 41ರಷ್ಟು ನಿರುದ್ಯೋಗಿಗಳಿಗೆ ಹೋಗುತ್ತದೆಂದು ಜನ ಸರಾಸರಿ ಅಂದಾಜಿಸಿದ್ದರು. ನಿಜವಾಗಿ ಹೋಗುತ್ತಿದ್ದದ್ದು ಶೇ 3. ಶೇ 27ರಷ್ಟು ಹಣ ವಂಚಕರ ಪಾಲು ಎಂದು ಅವರು ತಿಳಿದಿದ್ದರು; ಸರ್ಕಾರದ ಲೆಕ್ಕ ಶೇ 0.7. ಖರ್ಚಿನ ಅತಿ ದೊಡ್ಡ ಬಾಬತ್ತು ಅಂದೂ ವೃದ್ಧಾಪ್ಯ ಪಿಂಚಣಿ, ಇಂದೂ ಅದೇ.

ಪಿಂಚಣಿದಾರರ ತೂಕ

ಪಿಂಚಣಿಯನ್ನು ಬ್ರಿಟನ್ನಿನ ಬಹಳ ಜನ ‘ಬೆನಿಫಿಟ್’ ಎಂದು ಎಣಿಸುವುದೇ ಇಲ್ಲ. 2010ರ ಮೈತ್ರಿ ಸರ್ಕಾರ ಅದಕ್ಕೆ ‘ಟ್ರಿಪಲ್ ಲಾಕ್’ ಹಾಕಿತು. ಬೆಲೆಯೇರಿಕೆ, ಸಂಬಳದ ಏರಿಕೆ, ಶೇ 2.5 ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಪಿಂಚಣಿ ಪ್ರತಿ ವರ್ಷ ಏರಬೇಕು. ಅದೇ ದಶಕದಲ್ಲಿ ದುಡಿಯುವ ವಯಸ್ಸಿನವರ ಭತ್ಯೆಗಳು ನಾಲ್ಕು ವರ್ಷ ಏರದೆ ನಿಂತಿದ್ದವು.

ಹಿರಿಯರನ್ನು ಮುಟ್ಟಿದರೆ ಏನಾಗುತ್ತದೆಂಬುದಕ್ಕೆ ಚಳಿಗಾಲದ ಇಂಧನ ಭತ್ಯೆ ಸಾಕ್ಷಿ. ಮನೆ ಬೆಚ್ಚಗಿಡುವ ಖರ್ಚಿಗೆಂದು 1997ರಿಂದ ಬಡವ ಬಲ್ಲಿದ ಎನ್ನದೆ ಪಿಂಚಣಿದಾರರಿಗೆಲ್ಲ ಕೊಡುತ್ತಿದ್ದ ಹಣ ಅದು; 2024ರ ಹೊತ್ತಿಗೆ 200–300 ಪೌಂಡ್. ಹೊಸ ಲೇಬರ್ ಸರ್ಕಾರದ ಹಣಕಾಸು ಸಚಿವೆ ರೇಚಲ್ ರೀವ್ಸ್ 2024ರ ಜುಲೈನಲ್ಲಿ ಅದನ್ನು ಕಡುಬಡವರಿಗಷ್ಟೇ ಸೀಮಿತಗೊಳಿಸಿದಾಗ ಸುಮಾರು ಒಂದು ಕೋಟಿ ಜನ ಹೊರಗುಳಿದರು. ಸಿಟ್ಟು ಎಷ್ಟಿತ್ತೆಂದರೆ ವರ್ಷ ತುಂಬುವ ಮೊದಲೇ, 2025ರ ಜೂನ್‌ನಲ್ಲಿ, ವಾರ್ಷಿಕ ಆದಾಯ 35,000 ಪೌಂಡ್‌ವರೆಗಿನ ಪಿಂಚಣಿದಾರರಿಗೆ ಅದನ್ನು ಮರಳಿಸುವುದಾಗಿ ಸರ್ಕಾರ ಪ್ರಕಟಿಸಿತು.

ಎರಡು ಮಕ್ಕಳ ಮಿತಿ, ಅಂಗವಿಕಲರ ಭತ್ಯೆ

ಮಕ್ಕಳ ವಿಷಯ ಇಷ್ಟು ಬೇಗ ಬಗೆಹರಿಯಲಿಲ್ಲ. 2017ರ ಏಪ್ರಿಲ್ ನಂತರ ಹುಟ್ಟಿದ ಮೂರನೆಯ ಮಗುವಿಗೆ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಹೆಚ್ಚುವರಿ ಹಣವಿಲ್ಲ ಎಂಬ ನಿಯಮವನ್ನು ಕನ್ಸರ್ವೇಟಿವ್ ಸರ್ಕಾರ ತಂದಿತು. ‘ಸಾಕಲಾಗದಿದ್ದರೆ ಹೆರಬೇಡಿ’ ಎನ್ನುವವರು ಒಂದು ಕಡೆ, ‘ತಂದೆತಾಯಿಯ ಲೆಕ್ಕಕ್ಕೆ ಮಗುವಿಗೆ ಶಿಕ್ಷೆಯೇ?’ ಎನ್ನುವವರು ಇನ್ನೊಂದು ಕಡೆ. ಈ ಮಿತಿ ತೆಗೆಯಬೇಕೆಂದು 2024ರ ಜುಲೈನಲ್ಲಿ ಮತ ಹಾಕಿದ ಏಳು ಲೇಬರ್ ಸಂಸದರನ್ನು ಪಕ್ಷ ಅಮಾನತು ಮಾಡಿತು. 2025ರ ನವೆಂಬರ್ ಬಜೆಟ್‌ನಲ್ಲಿ ಅದೇ ಸರ್ಕಾರ, 2026ರ ಏಪ್ರಿಲ್‌ನಿಂದ ಮಿತಿಯನ್ನು ತೆಗೆಯುವುದಾಗಿ ಘೋಷಿಸಿತು.

‘ಪಿಪ್’ ಎಂದು ಕರೆಯುವ ಅಂಗವಿಕಲರ ಭತ್ಯೆ ಆದಾಯ ನೋಡಿ ಕೊಡುವುದಲ್ಲ. ಅಂಗವೈಕಲ್ಯದಿಂದ ತಗಲುವ ಹೆಚ್ಚಿನ ಖರ್ಚಿಗೆ ಕೊಡುವುದು, ಉದ್ಯೋಗಸ್ಥರಿಗೂ ಸಿಗುತ್ತದೆ. ಇದರ ಅರ್ಹತೆ ಬಿಗಿಗೊಳಿಸಲು 2025ರಲ್ಲಿ ಹೊರಟ ಲೇಬರ್ ಸರ್ಕಾರ, ಸ್ವಪಕ್ಷದ ಸಂಸದರೇ ತಿರುಗಿಬಿದ್ದಾಗ ಜುಲೈನಲ್ಲಿ ಆ ಭಾಗವನ್ನು ಕೈಬಿಟ್ಟಿತು.

ಅಲ್ಲಿ ದುಡಿಯುವ ಕನ್ನಡಿಗರ ಪಾಲಿಗೆ

‘ವಲಸೆ ಬಂದವರು ಭತ್ಯೆಗಾಗಿಯೇ ಬರುತ್ತಾರೆ’ ಎಂಬುದು ಅಲ್ಲಿನ ಇನ್ನೊಂದು ಪ್ರಚಲಿತ ಮಾತು. ಬೆಂಗಳೂರು, ಮೈಸೂರಿನಿಂದ ಐಟಿ ಕೆಲಸಕ್ಕೋ ನರ್ಸ್ ಕೆಲಸಕ್ಕೋ ಹೋದವರ ಸ್ಥಿತಿ ಬೇರೆ. ಅವರ ವೀಸಾದಲ್ಲಿಯೇ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತು ಇರುತ್ತದೆ. ಕಾಯಂ ವಾಸದ ಅನುಮತಿ ಸಿಗುವವರೆಗೆ ಯೂನಿವರ್ಸಲ್ ಕ್ರೆಡಿಟ್ ಆಗಲಿ ಮಕ್ಕಳ ಭತ್ಯೆಯಾಗಲಿ ಸಾಮಾನ್ಯವಾಗಿ ಸಿಗದು. ಆದಾಯ ತೆರಿಗೆ, ರಾಷ್ಟ್ರೀಯ ವಿಮೆಯ ವಂತಿಗೆ ಮಾತ್ರ ಸಾಮಾನ್ಯವಾಗಿ ಎಲ್ಲರಂತೆ ಕಟ್ಟಬೇಕು.

ಆದರೆ ವಂತಿಗೆಯಿಂದ ಬರುವ ವೃದ್ಧಾಪ್ಯ ಪಿಂಚಣಿ ಈ ನಿಷೇಧದೊಳಗೆ ಬರುವುದಿಲ್ಲ. 2016ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ಪಿಂಚಣಿಗೆ ಸಾಮಾನ್ಯವಾಗಿ ಕನಿಷ್ಠ 10 ವರ್ಷಗಳ, ಪೂರ್ಣ ಮೊತ್ತಕ್ಕೆ 35 ವರ್ಷಗಳ ವಂತಿಗೆ ಬೇಕು. 2025–26ರಲ್ಲಿ ಪೂರ್ಣ ಮೊತ್ತ ವಾರಕ್ಕೆ 230.25 ಪೌಂಡ್. ಭಾರತಕ್ಕೆ ಮರಳಿದವರಿಗೂ ಅದು ಸಲ್ಲುತ್ತದೆ. ಆದರೆ ಇಲ್ಲಿ ನೆಲೆಸಿದವರಿಗೆ ವಾರ್ಷಿಕ ಏರಿಕೆ ಇಲ್ಲ, ಮೊದಲು ಬಂದಷ್ಟೇ ಕೊನೆಯವರೆಗೆ. ಬ್ರಿಟನ್ನಿನಲ್ಲಿ ಹತ್ತು ವರ್ಷ ದುಡಿದು ಬಂದವರು ತಮ್ಮ ರಾಷ್ಟ್ರೀಯ ವಿಮೆಯ ದಾಖಲೆಯನ್ನು ಒಮ್ಮೆ ತೆಗೆದು ನೋಡಬೇಕು. ಪಿಂಚಣಿಯ ವಯಸ್ಸು ಮುಟ್ಟಿದ ಮಾತ್ರಕ್ಕೆ ಹಣ ತಾನಾಗಿ ಖಾತೆಗೆ ಬರುವುದಿಲ್ಲ, ಅರ್ಜಿ ಹಾಕಿಯೇ ಪಡೆಯಬೇಕು.