ಎಸ್‌ಎಂಇ 3009 ಟೋನ್‌ಆರ್ಮ್, ಎರಡನೇ ಶ್ರೇಣಿ

ಇಂಗ್ಲೆಂಡಿನ ಎಸ್‌ಎಂಇ ಕಂಪನಿ 1946ರಲ್ಲಿ ಶುರುವಾದದ್ದು ಮಾದರಿ ಯಂತ್ರಗಳ ಬಿಡಿಭಾಗ ತಯಾರಿಸಲು. ಸ್ಥಾಪಕ ಅಲಸ್ಟೇರ್ ರಾಬರ್ಟ್‌ಸನ್-ಐಕ್‌ಮನ್ ಸ್ವಂತ ಬಳಕೆಗೆಂದು ಮಾಡಿಸಿಕೊಂಡ ರೆಕಾರ್ಡ್ ಪ್ಲೇಯರಿನ ತೋಳು ಗೆಳೆಯರಿಗೂ ಹಿಡಿಸಿ, 1959ರಲ್ಲಿ ಮಾರುಕಟ್ಟೆಗೆ ಬಂತು.

ಎರಡನೇ ಶ್ರೇಣಿಯ ತೋಳಿನ ಬುಡವನ್ನು ಹತ್ತಿರದಿಂದ ನೋಡಿ. ತಕ್ಕಡಿಯ ದಂಡಿಗೆಯಂತೆ ಅದು ಚೂಪಾದ ಅಲಗಿನ ಮೇಲೆ ಕೂತಿದೆ; ಮೇಲೆ ಕೆಳಗೆ ಆಡುವಾಗ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆ. ಹಿಂದಿನ ತೂಕವನ್ನು ಸರಿಸುತ್ತಾ ಮೊದಲು ತೋಳು ಗಾಳಿಯಲ್ಲಿ ಸಮವಾಗಿ ನಿಲ್ಲುವಂತೆ ಮಾಡಬೇಕು. ಆಮೇಲೆ ಮುಳ್ಳಿಗೆ ಬೇಕಾದಷ್ಟೇ ಭಾರ: ಈ ಶ್ರೇಣಿಯ ಕಾಲದ, ಮುಳ್ಳು ಹೊತ್ತ ಒಳ್ಳೆಯ ಕಾರ್ಟ್ರಿಜ್‌ಗಳಿಗೆ ಸುಮಾರು 1ರಿಂದ 1.5 ಗ್ರಾಂ. ರೆಕಾರ್ಡ್ ಸವೆಯುತ್ತದೆಂದು ಹೆದರಿ ಭಾರವನ್ನು ತೀರಾ ಇಳಿಸುವವರುಂಟು. ಅದು ತಪ್ಪು. ಭಾರ ಸಾಲದ ಮುಳ್ಳು ಗೀರಿನೊಳಗೆ ನೆಲೆ ನಿಲ್ಲದೆ ಕುಪ್ಪಳಿಸಿ, ಗೀರಿನ ಗೋಡೆಗಳನ್ನೇ ಕೆಡಿಸುತ್ತದೆ.

ಪಕ್ಕದಲ್ಲಿ ನೂಲಿನಿಂದ ಇಳಿಬಿಟ್ಟ ಪುಟ್ಟ ತೂಕವೇ ಈ ತೋಳಿನ ಚೆಂದ. ರೆಕಾರ್ಡ್ ತಿರುಗುವಾಗಿನ ಘರ್ಷಣೆ ತೋಳನ್ನು ನಡುವಿನತ್ತ ಸೆಳೆಯುತ್ತದೆ. ಸ್ಟೀರಿಯೋ ಗೀರಿನ ಒಳಗೋಡೆಯಲ್ಲಿ ಎಡ ಸ್ಪೀಕರಿನ ದನಿ, ಹೊರಗೋಡೆಯಲ್ಲಿ ಬಲದ್ದು. ಸೆಳೆತವನ್ನು ಹಾಗೇ ಬಿಟ್ಟರೆ ಮುಳ್ಳು ಒಳಗೋಡೆಗೆ ಒತ್ತಿಕೊಂಡು, ಗಾಯಕರ ಏರುದನಿಯಲ್ಲಿ ಬಲಗಡೆ ಮೊದಲು ಒಡಕು ಕೇಳಿಸುತ್ತದೆ. ನೂಲಿನ ತೂಕ ತೋಳನ್ನು ಮೆಲ್ಲಗೆ ಹೊರಕ್ಕೆಳೆದು ಇದನ್ನು ಸರಿದೂಗಿಸುತ್ತದೆ.

ಬುಡದ ಪೀಠ ಹಿಂದೆ ಮುಂದೆ ಜಾರುತ್ತದೆ. ಗೆರೆ ಎಳೆದ ಕಾರ್ಡಿನ ಮೇಲೆ ಮುಳ್ಳಿಟ್ಟು ಕಾರ್ಟ್ರಿಜ್‌ನ ಕೋನ ಹೊಂದಿಸುವುದು ಹೀಗೆ.

ಈ ತೋಳಿನಲ್ಲಿ ಕಾರ್ಟ್ರಿಜ್ ಕೂರುವ, ತಿರುಗಿಸಿ ಬಿಚ್ಚುವ ಹೆಡ್‌ಶೆಲ್ ಜೋಡಣೆಯನ್ನು ಮುಂದೆ ಜಪಾನಿನ ಅನೇಕ ತಯಾರಕರೂ ಅಳವಡಿಸಿಕೊಂಡರು. ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲಿನಲ್ಲಿ ಇರುವುದೂ ಅದೇ ಬಗೆಯದು.