ತಂತ್ರಾಂಶ ಬಳಗಕ್ಕೆ ಯಾವ ಸಂದೇಶ ವೇದಿಕೆ? ಬೈಲಕುಪ್ಪೆಯ ಅನುಭವ

ಅಂತರ್ಜಾಲದಲ್ಲಿ ಒಂದುಗೂಡಿ ತಂತ್ರಾಂಶ ರೂಪಿಸುವವರು ಅನೇಕ ವೇಳೆ ಪರಸ್ಪರ ಮುಖ ಕಂಡಿರುವುದಿಲ್ಲ. ಹುಣಸೂರಿನಲ್ಲೋ ಕೆ.ಆರ್. ನಗರದಲ್ಲೋ ಕುಳಿತವರು ತಿದ್ದಿದ ಅಕ್ಷರಶೈಲಿಯ ದೋಷವನ್ನು ಸಾಗರದಾಚೆಯ ಇನ್ನೊಬ್ಬರು ಗುರುತಿಸಬಹುದು. ಇವರ ಮಾತುಕತೆಗೆ ಒಂದು ವೇದಿಕೆ ಬೇಕು. ಯಾವುದು ಎಲ್ಲರ ಕೈಗೂ ಎಟುಕುತ್ತದೆ, ಯಾವುದು ಗುಟ್ಟು ಕಾಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ದೊರೆಯುವುದು ಅಪರೂಪ. ಈ ಇಕ್ಕಟ್ಟನ್ನು ಬಹಳ ಹತ್ತಿರದಿಂದ ಕಂಡ ಸಮುದಾಯವೊಂದು ಮೈಸೂರು ಜಿಲ್ಲೆಯಲ್ಲಿಯೇ ಇದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಸ್ಥಾಪನೆಯಾಯಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1970ರ ದಶಕದಲ್ಲಿ ಮತ್ತೊಂದು ನೆಲೆ ತಲೆಯೆತ್ತಿತು. ಸ್ವರ್ಣಮಂದಿರ ನೋಡಿ ಹಿಂದಿರುಗುವ ಪ್ರವಾಸಿಗರಿಗೆ ಬೈಲಕುಪ್ಪೆಗೆ ತಂತ್ರಾಂಶದ ನಂಟೂ ಇದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಇಲ್ಲಿನ ಸೆರಾ ಮೇ ವಿಹಾರದಲ್ಲಿ ಅಧ್ಯಯನ ಮಾಡಿದ ಗೆಶೆ ಲೋಬ್ಸಾಂಗ್ ಮೊನ್ಲಾಮ್ ಟಿಬೆಟನ್ ಲಿಪಿಯ ಗಣಕ ಅಕ್ಷರಶೈಲಿಗಳನ್ನು ರೂಪಿಸಿದರು. ಅವರ ನೇತೃತ್ವದಲ್ಲಿ ಸಿದ್ಧವಾದ 223 ಸಂಪುಟಗಳ ಬೃಹತ್ ನಿಘಂಟು 2022ರಲ್ಲಿ ಬಿಡುಗಡೆಯಾಯಿತು. ಅದು ಮೊಬೈಲ್‌ನಲ್ಲೂ ಲಭ್ಯ.

ಇಂತಹ ಸಮುದಾಯದ ಬಹುಕಾಲದ ಸಂಪರ್ಕ ಸಾಧನ ಚೀನಾದ ಟೆನ್ಸೆಂಟ್ ಸಂಸ್ಥೆಯ ವೀಚಾಟ್ ಆಗಿತ್ತು. ಕಾರಣ ಸರಳ. ಟಿಬೆಟ್‌ನಲ್ಲಿ ಉಳಿದ ತಾಯಿ, ಅಕ್ಕತಂಗಿಯರು ಬಳಸಬಹುದಾಗಿದ್ದುದು ಅದೊಂದೇ. ವಾಟ್ಸ್‌ಆ್ಯಪ್, ಟೆಲಿಗ್ರಾಂಗಳನ್ನು ಚೀನಾ ಮೊದಲೇ ತಡೆದಿತ್ತು. 2021ರಲ್ಲಿ ಸಿಗ್ನಲ್ ಕೂಡ ಆ ಸಾಲಿಗೆ ಸೇರಿತು. ಆದರೆ ವೀಚಾಟ್ ಸಂದೇಶಗಳಿಗೆ ಎಂಡ್ ಟು ಎಂಡ್ ಗೂಢಲಿಪಿಯ ರಕ್ಷಣೆ ಇಲ್ಲ, ಅಂದರೆ ನಡುವಿನ ಸಂಸ್ಥೆ ಅವನ್ನು ಓದಬಲ್ಲದು. ಚೀನಾದ ಹೊರಗೆ ನೋಂದಾಯಿಸಿದವರು ಕಳುಹಿಸುವ ಚಿತ್ರ ಮತ್ತು ಕಡತಗಳೂ ತಪಾಸಣೆಗೆ ಒಳಗಾಗುತ್ತವೆ ಎಂದು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2020ರ ಮೇ ತಿಂಗಳಲ್ಲಿ ವರದಿ ಮಾಡಿತು. ಹೊರದೇಶದ ಬಂಧುಗಳೊಂದಿಗೆ ಮಾತನಾಡಿದ ಕಾರಣಕ್ಕೇ ಟಿಬೆಟ್‌ನಲ್ಲಿ ಜನ ವಿಚಾರಣೆ ಎದುರಿಸಿದ್ದುಂಟು. ಬಳಕೆಗೆ ಸುಲಭ, ಗುಟ್ಟಿಗೆ ಅಪಾಯ. ಇದನ್ನು ತಿಳಿದೂ ಜನ ಬಳಸುತ್ತಿದ್ದರು, ಏಕೆಂದರೆ ಇನ್ನೊಂದು ದಾರಿ ಇರಲಿಲ್ಲ.

2020ರ ಜೂನ್ 29ರಂದು ಭಾರತ ಸರ್ಕಾರ 59 ಚೀನೀ ತಂತ್ರಾಂಶಗಳನ್ನು ನಿಷೇಧಿಸಿದಾಗ ವೀಚಾಟ್ ಕೂಡ ಹೋಯಿತು. ಗಡಿಯಲ್ಲಿನ ಸಂಘರ್ಷದ ಹಿನ್ನೆಲೆಯ ಈ ತೀರ್ಮಾನ, ಸುರಕ್ಷತೆಗಾಗಿ ವೀಚಾಟ್ ಬಿಡಿರೆಂದು ತಜ್ಞರು ಹೇಳುತ್ತಿದ್ದುದನ್ನು ಬಲವಂತವಾಗಿ ಜಾರಿಗೆ ತಂದಿತು. ಜೊತೆಗೆ ಎಷ್ಟೋ ಮನೆಗಳ ಮಾತನ್ನೂ ಕಡಿದುಹಾಕಿತು.

ಹಾಗಾದರೆ ಗೂಢಲಿಪಿ ಇರುವ ವೇದಿಕೆಗೆ ಬಂದರೆ ಸಾಕೇ? 2018ರ ನವೆಂಬರ್‌ನಿಂದ 2019ರ ಮೇ ತನಕ ಟಿಬೆಟನ್ ಸಂಘಟನೆಗಳ ಹಿರಿಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಪತ್ರಕರ್ತರ, ಸ್ವಯಂಸೇವಾ ಕಾರ್ಯಕರ್ತರ ಸೋಗಿನಲ್ಲಿ ಸಂದೇಶಗಳು ಬಂದವು. ಕುಶಲೋಪರಿಯ ನಂತರ ಒಂದು ಕೊಂಡಿ. ಒತ್ತಿದರೆ ಫೋನಿಗೆ ಗೂಢಚಾರ ತಂತ್ರಾಂಶ ಇಳಿಯುವ ಏರ್ಪಾಡು. ಟಿಬೆಟನ್ನರ ಗಣಕ ಸುರಕ್ಷತಾ ತಂಡ ಟಿಬ್‌ಸರ್ಟ್ ಜೊತೆಗೂಡಿ ಸಿಟಿಜನ್ ಲ್ಯಾಬ್ ಇದನ್ನು ಬಯಲಿಗೆಳೆಯಿತು. ವಾಟ್ಸ್‌ಆ್ಯಪ್‌ನ ಗೂಢಲಿಪಿಯನ್ನು ಯಾರೂ ಮುರಿದಿರಲಿಲ್ಲ. ಗುರಿಯಾಗಿದ್ದುದು ಸಂದೇಶ ಓದುವವರ ವಿಶ್ವಾಸ.

ಆದ್ದರಿಂದ ವೇದಿಕೆ ಆರಿಸುವ ಬಳಗ ಮೊದಲು ಕೇಳಿಕೊಳ್ಳಬೇಕಾದುದು, ಮುಚ್ಚಿಡಬೇಕಾದುದು ಏನು, ಯಾರಿಂದ ಎಂಬುದನ್ನು. ಸಂದೇಶದ ಒಡಲಿಗಿಂತ ಸದಸ್ಯರ ಗುರುತೇ ಸೂಕ್ಷ್ಮವಾದ ಸಂದರ್ಭಗಳಿವೆ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದರೆ ಅಪರಿಚಿತ ಸದಸ್ಯರಿಗೂ ಫೋನ್ ಸಂಖ್ಯೆ ಕಾಣುವ ಪದ್ಧತಿ ಬಹುಕಾಲದ್ದು. ಮಹಿಳಾ ಸದಸ್ಯರಿಗೆ ಇದು ಸಣ್ಣ ತೊಂದರೆಯಲ್ಲ. ಟೆಲಿಗ್ರಾಂ ಸಂಖ್ಯೆಯನ್ನು ಮರೆಮಾಡಬಲ್ಲದು, ದೊಡ್ಡ ಗುಂಪುಗಳಿಗೆ ಅನುಕೂಲ. ಆದರೆ ಅದರ ಗುಂಪು ಸಂಭಾಷಣೆಗೆ ಎಂಡ್ ಟು ಎಂಡ್ ಗೂಢಲಿಪಿ ಇಲ್ಲ ಎಂಬುದನ್ನು ಅನೇಕರು ಅರಿಯರು. ಸಿಗ್ನಲ್‌ನಲ್ಲಿ ನೋಂದಣಿಗೆ ಸಂಖ್ಯೆ ಬೇಕು, ಆದರೆ 2024ರಿಂದ ಬಳಕೆದಾರ ಹೆಸರಿನ ಸೌಲಭ್ಯ ಬಂದಿರುವುದರಿಂದ ಇತರರಿಗೆ ಅದನ್ನು ತೋರಬೇಕಿಲ್ಲ.

ಮುಕ್ತ ತಂತ್ರಾಂಶ ಬಳಗಗಳ ಹಳೆಯ ಮನೆ 1988ರಲ್ಲಿ ಹುಟ್ಟಿದ ಐಆರ್‌ಸಿ. ಹಗುರ, ಸರಳ, ಸಂಪರ್ಕ ಕಡಿದರೆ ಆ ಹೊತ್ತಿನ ಮಾತು ತಪ್ಪಿಹೋಗುತ್ತದೆ. ಫೈರ್‌ಫಾಕ್ಸ್ ಖ್ಯಾತಿಯ ಮೊಜಿಲ್ಲಾ 2020ರಲ್ಲಿ ತನ್ನ ಐಆರ್‌ಸಿ ಸರ್ವರ್ ಮುಚ್ಚಿ ಮ್ಯಾಟ್ರಿಕ್ಸ್ ವ್ಯವಸ್ಥೆಗೆ ಬಂತು. ಮ್ಯಾಟ್ರಿಕ್ಸ್‌ನಲ್ಲಿ ಬಳಗವೇ ತನ್ನ ಸರ್ವರ್ ನಡೆಸಬಹುದು. ನಡೆಸುವವರು ಬೇಕು, ಅಷ್ಟೇ. ಉತ್ಸಾಹದಿಂದ ಸ್ಥಾಪಿಸಿದ ಸರ್ವರ್ ಉಸ್ತುವಾರಿಯಿಲ್ಲದೆ ಹಳಸಿದರೆ ದೊಡ್ಡ ಸಂಸ್ಥೆಯ ವೇದಿಕೆಗಿಂತ ಅದೇ ಹೆಚ್ಚು ಅಪಾಯಕಾರಿ.

ಸರ್ಕಾರದ ಆದೇಶದ ಅನಿಶ್ಚಿತತೆಯೂ ಲೆಕ್ಕಕ್ಕೆ ಬರಬೇಕು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಮ್ಮು ಮತ್ತು ಕಾಶ್ಮೀರದ ಉಗ್ರರ ಬಳಕೆಯ ಕಾರಣ ನೀಡಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಅಡಿ 14 ಸಂದೇಶ ತಂತ್ರಾಂಶಗಳನ್ನು ತಡೆಯಿತು. ಅವುಗಳಲ್ಲಿ ಮ್ಯಾಟ್ರಿಕ್ಸ್ ಬಳಸಲು ಜನಪ್ರಿಯವಾದ ಎಲಿಮೆಂಟ್ ಸಹ ಇತ್ತು. ಗುಟ್ಟು ಕಾಯದ ವೀಚಾಟ್‌ಗೂ ಗುಟ್ಟು ಕಾಯುವ ಎಲಿಮೆಂಟ್‌ಗೂ ಒಂದೇ ಬಗೆಯ ಗತಿ! ಒಂದೇ ವೇದಿಕೆಯನ್ನು ನಂಬಿದ ಬಳಗ ಮರುದಿನ ಎಲ್ಲಿ ಸೇರುವುದೆಂದು ಮೊದಲೇ ನಿಶ್ಚಯಿಸಿಕೊಂಡಿರುವುದು, ಸದಸ್ಯರ ಇಮೇಲ್ ವಿಳಾಸಗಳನ್ನು ಬೇರೆಡೆ ಇರಿಸಿಕೊಳ್ಳುವುದು ಕ್ಷೇಮ.

ಎಚ್.ಡಿ. ಕೋಟೆಯ ಕಾಡಂಚಿನಂತಹ, ಸಿಗ್ನಲ್ ಕುಂಟುವ ಕಡೆಗಳಿಂದ ಸೇರುವವರಿದ್ದರೆ ವಿಡಿಯೊ ಸಭೆಗಿಂತ ಅಕ್ಷರ ಸಂದೇಶವೇ ನಡೆಯುತ್ತದೆ. ತಂತ್ರಾಂಶದ ದೋಷ, ಅನುವಾದದ ಪದಚರ್ಚೆಗಳನ್ನು ಮುಚ್ಚಿದ ಗುಂಪಿನಲ್ಲಿ ಹೂತಿಡುವುದು ನಷ್ಟವೇ ಸರಿ. ಮುಂದೆ ಬರುವವರಿಗೆ ಅವು ಹುಡುಕಿದರೆ ಸಿಗಬೇಕು. ಇನ್ನೂ ಸರಿಪಡಿಸದ ಭದ್ರತಾ ಲೋಪ, ಸದಸ್ಯರ ದೂರು, ಸರ್ವರಿನ ಗುಪ್ತಪದ ಇವಿಷ್ಟನ್ನು ಮಾತ್ರ ನಾಲ್ಕೈದು ಮಂದಿಯ ಸಿಗ್ನಲ್ ಗುಂಪಿಗೆ, ಸಂದೇಶಗಳು ತಾವಾಗಿ ಅಳಿಯುವ ಅವಧಿ ನಿಗದಿಪಡಿಸಿ, ಸೀಮಿತಗೊಳಿಸಬಹುದು.